ಹಲಗೆಗೆ ಏರದ ಮಾತು

ನನ್ನ ತಂಗಿ ಅಂಬುಜೆ ತೀರಿಕೊಂಡ ಹದಿನಾಲ್ಕನೆಯ ದಿನ ಹಲಗೆಯ ಹಿರಿಯರು ಅವಳ ಪಾಲಿಗೆ 'ಟ್ರಂಕ್ ಕಾಲ್' ಎಂಬ ಮಾತನ್ನು ಗೊತ್ತುಮಾಡಿದರು. ಗೋಪಾಲಸ್ವಾಮಿ ಗುಡಿಯ ಜಗಲಿಯ ಮೇಲೆ ಐದು ಜನ ಕೂತಿದ್ದರು. ಅವರಲ್ಲಿ ಮುಖ್ಯರಾದವರು ತಿರುಮಲಮ್ಮನವರು. ನಮ್ಮ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಅವರು ಆ ಮಾತನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟು, ನಾಳೆ ಬೆಳಿಗ್ಗೆ ಹಲಗೆಗೆ ಏರಿಸಿಬಿಡಿ ಎಂದರು. ನಾನು ಓದಿ, ಚೀಟಿಯನ್ನು ಮಡಿಸಿ, ಅವರ ಮುಂದೆಯೇ ಇಟ್ಟೆ. ನಲವತ್ತೊಂದು ವರ್ಷದಿಂದ ಆ ಹಲಗೆಯನ್ನು ಬರೆಯುತ್ತಿರುವವನು ನಾನು. ಹಿರಿಯರ ಚೀಟಿಯನ್ನು ಹಿಂದಿರುಗಿಸಿದ್ದು ಅದೇ ಮೊದಲು.

ನಮ್ಮ ಊರಿಗೆ ಹೊಸದಾಗಿ ಬಂದವರು ಬಸ್ಸಿಳಿದ ಕೂಡಲೆ ಗುಡಿಯ ಗೋಡೆಗೆ ತಗುಲಿಹಾಕಿದ ಹಲಗೆಯನ್ನು ಓದಿಕೊಳ್ಳುತ್ತಾರೆ. ಆಮೇಲೆಯೇ ಬಾಯಿ ತೆರೆಯುತ್ತಾರೆ. ಊರಿನಲ್ಲಿ ಯಾರು ಸತ್ತರೂ ಅವರದೆಂದು ಒಂದು ಮಾತನ್ನು ತೆಗೆದಿಟ್ಟು, ಒಂದು ವರ್ಷ ಅದನ್ನು ಯಾರೂ ಆಡುವುದಿಲ್ಲ. ವರ್ಷ ತುಂಬಿದ ದಿನ ನಾನು ಒದ್ದೆ ಬಟ್ಟೆಯಿಂದ ಅದನ್ನು ಒರೆಸುತ್ತೇನೆ. ಆ ಮಾತು ಮತ್ತೆ ಊರಿಗೆ ಬರುತ್ತದೆ. ಅಡುಗೆಯ ಸುಬ್ಬಕ್ಕ ಸತ್ತಾಗ 'ಉಪ್ಪು' ಹಲಗೆಗೆ ಏರಿತು. ಆ ವರ್ಷವೆಲ್ಲ ಹೋಟೆಲಿನಲ್ಲಿ ಜನ, ಸಾರಿಗೆ ಸ್ವಲ್ಪ ಸಮುದ್ರದ್ದು ಹಾಕಿ ಎಂದು ಕೇಳುತ್ತಿದ್ದರು. ಸೂಲಗಿತ್ತಿ ಗೌರಮ್ಮ ಹೋದಾಗ 'ಒಂಬತ್ತು' ಹೋಯಿತು. ಶಾಲೆಯ ಮಕ್ಕಳು ಏಳು, ಎಂಟು, ಹ್ಞೂಂ, ಹತ್ತು ಎಂದು ಎಣಿಸಿದವು. ಬಸ್ಸಿನ ಕಂಡಕ್ಟರು ಎಂಟೂಮುಕ್ಕಾಲರ ಬಸ್ಸು ಹೋದ ಮೇಲೆ ಕಾಲು ಗಂಟೆಗೆ ಬರುವ ಬಸ್ಸು ಎಂದು ಕೂಗಿದ. ಯಾರಿಗೂ ಕಷ್ಟವೆನಿಸಲಿಲ್ಲ. ಅಭ್ಯಾಸವಾಗಿಹೋಗಿದೆ.

ನಾಲಿಗೆ ಜಾರುವುದು ಮನುಷ್ಯರಿಗೆ ಸಹಜ. ಜಾರಿದವರು ಅದೇ ದಿನ ಸಾವಾದ ಮನೆಗೆ ಹೋಗಿ, ಹೊಸ್ತಿಲ ಹೊರಗೆ ನಿಂತು, 'ತಪ್ಪಿದೆ' ಎನ್ನಬೇಕು. ಒಳಗಿನವರು ಒಂದು ಚೂರು ಬೆಲ್ಲ, ಒಂದು ಲೋಟ ನೀರು ತಂದುಕೊಟ್ಟು, 'ಬಂದದ್ದು ಒಳ್ಳೆಯದಾಯಿತು' ಎನ್ನಬೇಕು. ಬೆಲ್ಲ ಕೈಗೆ ಬರುವವರೆಗೆ ಹೊಸ್ತಿಲು ದಾಟುವಂತಿಲ್ಲ. ಬಂದ ಮೇಲೆ ಕೂತು ನಾಲ್ಕು ಮಾತಾಡದೆ ಹೊರಡುವಂತಿಲ್ಲ. ಉಪ್ಪಿನ ವರ್ಷ ಸುಬ್ಬಕ್ಕನ ಗಂಡನ ಮನೆಗೆ ದಿನಕ್ಕೆ ಹತ್ತಿಪ್ಪತ್ತು ಜನ ಬಂದರು. ನಡುಬಗ್ಗಿದ ಆ ಮನುಷ್ಯ ಬೆಲ್ಲ ಒಡೆದು ಒಡೆದು ಕೈ ನೋಯಿಸಿಕೊಂಡ. ಅವನಿಗೆ ಒಬ್ಬನೇ ಕೂತು ಅಳುವುದಕ್ಕೆ ಪುರುಸೊತ್ತೇ ಸಿಗಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ ಅವನು ಮತ್ತೆ ಮನುಷ್ಯನಾಗಿದ್ದ.

ಈಗ ಹೇಳಿ. ಎಕ್ಸ್‌ಚೇಂಜಿನ ಮೂಲಕ ದೂರದೂರಿಗೆ ಮಾಡುವ ಫೋನಿಗೆ ಟ್ರಂಕ್ ಕಾಲ್ ಎಂದು ಇವತ್ತಿನ ದಿನ ಯಾರು ಅನ್ನುತ್ತಾರೆ? ಎಲ್ಲರ ಜೇಬಿನಲ್ಲೂ ಫೋನಿದೆ. ಆ ಮಾತು ಅಂಬುಜೆಗಿಂತ ಇಪ್ಪತ್ತು ವರ್ಷ ಮೊದಲೇ ಸತ್ತಿದೆ. ಅದನ್ನು ಹಲಗೆಗೆ ಏರಿಸಿದರೆ ಯಾರ ನಾಲಿಗೆಯೂ ಜಾರುವುದಿಲ್ಲ; ನಮ್ಮ ಹೊಸ್ತಿಲಿಗೆ ಯಾರೂ ಬರುವುದಿಲ್ಲ. ನಾನು ವರ್ಷವೆಲ್ಲ ಬೆಲ್ಲದ ತಟ್ಟೆ ಮುಂದಿಟ್ಟುಕೊಂಡು ಕೂತರೆ ಇರುವೆಗಳು ಬರಬೇಕು, ಅಷ್ಟೆ. ಹಿರಿಯರಿಗೆ ಇದು ತಿಳಿಯದ ವಿಷಯವಲ್ಲ. ಟೆಲಿಫೋನಿನಲ್ಲಿ ಕೆಲಸ ಮಾಡಿದವಳು, ಟೆಲಿಫೋನಿನ ಒಂದು ಮಾತು ಕೊಟ್ಟರೆ ಆಯಿತು ಎಂದು ಕೈ ತೊಳೆದುಕೊಂಡಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಅವಳ ಮಾತು ಅದಲ್ಲ, ಅವಳ ಮಾತು 'ಹಂಕಿಡೋರಿ' ಎಂದೆ.

ಐವರಲ್ಲಿ ಮೂವರು ನಕ್ಕರು. ನಗದವರಲ್ಲಿ ಒಬ್ಬರಿಗೆ ಕಿವಿ ಕೇಳಿಸದು. ತಿರುಮಲಮ್ಮನವರು ಮಾತ್ರ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು, ಅದು ಯಾವ ಭಾಷೆಯ ಮಾತು, ಏನು ಅರ್ಥ, ಎಲ್ಲಿ ಹುಟ್ಟಿದ್ದು ಎಂದು ಮೂರು ಪ್ರಶ್ನೆ ಕೇಳಿದರು. ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಇರಬೇಕಾಗಿತ್ತು. ಮೂವತ್ತನಾಲ್ಕು ವರ್ಷ ಅಂಬುಜೆ ನಮ್ಮ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸ್ವಿಚ್‌ಬೋರ್ಡಿನ ಮುಂದೆ ಕೂತಳು. ಅದರ ಮೇಲಿನ ಎರಡು ಕೋಣೆಯಲ್ಲಿ ನಾವಿಬ್ಬರೂ ಇದ್ದೆವು. ನನ್ನ ಹೆಂಡತಿ ಹೆರಿಗೆಯಲ್ಲಿ ಹೋದ ಮೇಲೆ ಅವಳು ನನಗೆ ಅಡುಗೆ ಮಾಡಿಹಾಕಲು ಬಂದವಳು, ತನ್ನ ಮದುವೆಯ ಮಾತನ್ನೇ ಎತ್ತಗೊಡಲಿಲ್ಲ. ನಾನು ಮೇಲೆ ಬೆಳಿಗ್ಗೆ ಆರಕ್ಕೆ ಪೂಜೆಗೆ ಕೂತು ಗಂಟೆ ಎತ್ತುವ ಹೊತ್ತಿಗೆ ಸರಿಯಾಗಿ ಕೆಳಗಿನಿಂದ ಅವಳ ದನಿ ಕೇಳಿಸುತ್ತಿತ್ತು: ಹಂಕಿಡೋರಿ. ಕೊನೆಯ ಅಕ್ಷರವನ್ನು ಬಾಗಿಲು ತೆರೆದ ಹಾಗೆ ಮೇಲಕ್ಕೆತ್ತಿ ಹೇಳುತ್ತಿದ್ದಳು. ನನಗೆ ಅದು ಸಿಳ್ಳೆ ಹೊಡೆದ ಹಾಗೆ ಕೇಳಿಸುತ್ತಿತ್ತು. ಎಷ್ಟೋ ಸಲ ಬೈದೆ. ದೇವರ ಹೊತ್ತಿನಲ್ಲಿ ಅದೇನು ಹೆಂಡದಂಗಡಿಯ ಮಾತು, 'ಕ್ಷೇಮ' ಅನ್ನಬಾರದೇ ಎಂದೆ. ಅವಳು ಎಂಟು ದಿನ 'ಕ್ಷೇಮ' ಎಂದಳು. ಒಂಬತ್ತನೆಯ ದಿನ ಮತ್ತೆ ಅದೇ. ಕೇಳಿದರೆ, "ಕ್ಷೇಮ ಅಂದ್ರೆ ಆ ಕಡೆಯವರಿಗೆ ಸಾವಾಗಿದೆ ಅಂತ ಗಾಬರಿ ಆಗತ್ತೆ ಅಣ್ಣ" ಎಂದು ನಕ್ಕುಬಿಟ್ಟಳು.

ಆಸ್ಪತ್ರೆಯಲ್ಲಿ ಕಡೆಯ ದಿನ ನಾನು ಅವಳ ಹಣೆಯ ಮೇಲೆ ಕೈಯಿಟ್ಟು ಹೇಗಿದ್ದೀಯಮ್ಮ ಎಂದು ಕೇಳಿದೆ. ಮೂಗಿನಲ್ಲಿ ನಳಿಕೆ ಇತ್ತು. ಆದರೂ ಹೇಳಿದಳು, "ಹಂಕಿಡೋರಿ, ಅಣ್ಣ." ನಾನು, ಈಗಲಾದರೂ ಅದನ್ನು ಬಿಟ್ಟು ಬಾಯಲ್ಲಿ ದೇವರ ಹೆಸರು ಹೇಳು ಎಂದೆ. ಅವಳು ಕಣ್ಣು ಮುಚ್ಚಿದಳು. ಮತ್ತೆ ಏನೂ ಹೇಳಲಿಲ್ಲ; ದೇವರ ಹೆಸರನ್ನೂ ಹೇಳಲಿಲ್ಲ. ನಮ್ಮಿಬ್ಬರ ನಡುವೆ ಆಡಿದ ಕಡೆಯ ಮಾತು ನನ್ನದು, ಅದೂ ಗದರಿಕೆ. ಗೋಪಾಲಸ್ವಾಮಿಯ ಮುಂದೆ ನಿಂತು ಪ್ರತಿದಿನ ಇದನ್ನು ಒಪ್ಪಿಸುತ್ತೇನೆ.

ಮಾರನೆಯ ದಿನ ತಿರುಮಲಮ್ಮನವರು ದಪ್ಪ ನಿಘಂಟೊಂದನ್ನು ಇಬ್ಬರಿಂದ ಹೊರಿಸಿಕೊಂಡು ಗುಡಿಗೆ ಬಂದರು. ಅವರನ್ನು ದೂರಬೇಕೆಂದಿದ್ದರೂ ಒಂದು ಮಾತು ಒಪ್ಪಬೇಕು, ಹುಡುಕದೆ ಇಲ್ಲವೆನ್ನುವವರಲ್ಲ. ಇದು ಇಂಗ್ಲಿಷಿನವರ ಬೀದಿಮಾತು, ಎಲ್ಲ ಸರಿಯಾಗಿದೆ, ಸೊಗಸಾಗಿದೆ ಎಂದು ಅರ್ಥ ಎಂದು ಓದಿದರು. ಹುಟ್ಟು ಮಾತ್ರ ಖಚಿತವಿಲ್ಲವಂತೆ. ಯಾವುದೋ ಬಂದರಿನ ಬೀದಿಯ ಹೆಸರನ್ನು ಹಡಗಿನವರು ಕಟ್ಟಿಕೊಂಡು ಬಂದರೆಂದು ಕೆಲವರು. ದೂರದೇಶದ ಮಕ್ಕಳು ಮುಟ್ಟಾಟದಲ್ಲಿ ಕಳ್ಳನ ಕೈಗೆ ಸಿಕ್ಕದೆ ಓಡಿಬಂದು ಮುಟ್ಟುವ 'ಮನೆ'ಗೆ ಇಟ್ಟ ಹೆಸರಿನಿಂದ ಬಂದಿತೆಂದು ಇನ್ನು ಕೆಲವರು. ಯಾವುದಕ್ಕೂ ಸಾಕ್ಷಿಯಿಲ್ಲ. ಓದಿ ಮುಗಿಸಿ ಪುಸ್ತಕ ಮುಚ್ಚಿದರು.

"ಅಪ್ಪ ಅಮ್ಮ ಯಾರೂಂತ ಗೊತ್ತಿಲ್ಲದ ಮಾತು, ಕೇಶವಯ್ಯನವರೇ. ಇದನ್ನ ದೇವರ ಗೋಡೆ ಮೇಲೆ ಹೇಗೆ ಬರೆಸೋದು?"

ನನಗೆ ಆಗ ಬಂದ ಸಿಟ್ಟು ಹೇಳತೀರದು. 'ಒಂಬತ್ತು' ಎಂಬುದರ ಅಪ್ಪ ಅಮ್ಮ ಯಾರೆಂದು ಗೌರಮ್ಮ ಸತ್ತಾಗ ಇವರು ಕೇಳಿದ್ದರೇ? 'ಉಪ್ಪು' ಎಲ್ಲಿ ಹುಟ್ಟಿತೆಂದು ಸುಬ್ಬಕ್ಕನ ಗಂಡನನ್ನು ಜಗಲಿಯ ಮುಂದೆ ನಿಲ್ಲಿಸಿದ್ದರೇ? ನನ್ನ ತಂಗಿಯ ಪಾಲಿಗೆ ಬಂದಾಗ ಮಾತಿಗೆ ಜಾತಕ ಬೇಕಾಯಿತು. ಆದರೂ ಬಾಯಿ ಕಟ್ಟಿಕೊಂಡು, ಲೋಕದಲ್ಲಿ ಅದು ಎಲ್ಲಿ ಹುಟ್ಟಿದರೇನು, ನಮ್ಮ ಊರಿಗೆ ಹೇಗೆ ಬಂತೆಂದು ತಿಳಿದು ಬರುತ್ತೇನೆ ಎಂದಷ್ಟೇ ಹೇಳಿ ಹೊರಟೆ.

ನೆಟ್ಟಗೆ ಜವರಯ್ಯನ ಮನೆಗೆ ಹೋದೆ. ಅವನು ಎಕ್ಸ್‌ಚೇಂಜಿನ ಲೈನ್‌ಮನ್ ಆಗಿದ್ದವನು. ಕಂಬ ಹತ್ತಿ ಹತ್ತಿ ಅವನ ಎರಡು ಪಾದವೂ ಒಳಕ್ಕೆ ತಿರುಗಿವೆ. ಪಡಸಾಲೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದ. ಮಾತಿನ ಹೆಸರೆತ್ತಿದ ಕೂಡಲೆ ಕೈ ನಿಲ್ಲಿಸಿ ಹೇಳಿದ.

ಅಂಬುಜೆ ಕೆಲಸಕ್ಕೆ ಸೇರಿದ ವರ್ಷವೇ ದೊಡ್ಡ ಬಿರುಗಾಳಿ ಬಂದು ಮೂರು ದಿನ ತಂತಿ ಸತ್ತಿತ್ತು. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ಮೂರು ದಿನವೂ ಅವಳು ಬೋರ್ಡು ಬಿಟ್ಟು ಎದ್ದಿರಲಿಲ್ಲ. ಹೊರಗೆ ಬಿದ್ದ ಕಂಬಗಳನ್ನು ಜವರಯ್ಯ ಒಂದೊಂದಾಗಿ ಎತ್ತಿ ನಿಲ್ಲಿಸುತ್ತ ಹೋದ. ಮೂರನೆಯ ದಿನ ಸಂಜೆ, ಬಹುದೂರದ ದೊಡ್ಡ ಊರಿನ ಎಕ್ಸ್‌ಚೇಂಜಿನಿಂದ ಒಂದು ಹೆಂಗಸಿನ ದನಿ ಬಂತು. ಐರೀನ್ ಎಂದು ಅವಳ ಹೆಸರು. ಅಂಬುಜೆ ಕೇಳಿಸುತ್ತಿದೆಯಾ ಎಂದು ಕೂಗಿದಳು. ಆ ಕಡೆಯವಳು ಹಂಕಿಡೋರಿ ಎಂದಳು.

"ಅಂಬುಜಮ್ಮೋರು ಕಿಟಕಿ ತೆಗೆದು ನಂಗೆ ಕೂಗಿ ಹೇಳುದ್ರು ಅಯ್ನೋರೆ. ನಾನು ಕಂಬದ ಮ್ಯಾಲೆ ಇದ್ದೆ. ಏನಮ್ಮ ಅಂಗಂದ್ರೆ ಅಂದೆ. ನಂಗೇನ್ ಗೊತ್ತು ಜವರಣ್ಣ, ಕೇಳಿಸ್ತಾ ಅದೆ ಅಂತ ಇರ್‌ಬೇಕು ಅಂದ್ರು. ಅವತ್ತಿಂದ ದಿನಾ ಬೆಳಿಗ್ಗೆ ಆರು ಗಂಟೆಗೆ ಅವ್ರಿಬ್ಬರೂ ತಂತಿ ನೋಡ್ಕತಿದ್ರು. ಇವರು ಕೇಳೋರು, ಅವರು ಹೇಳೋರು. ಆಮ್ಯಾಕೆ ಅವರು ಕೇಳೋರು, ಇವರು ಹೇಳೋರು. ಮಕ ನೋಡ್ಲೇ ಇಲ್ಲ ಒಬ್ಬರನ್ನೊಬ್ಬರು. ಊರೋರ್ಗೆ ದೂರದ ಫೋನು ಬಂದ್ರೂ ಮೊದ್ಲು ಅಂಗಂದು ಆಮ್ಯಾಕೆ ಕೈಗೆ ಕೊಡೋರು."

ನಾನು ಅಲ್ಲಿಯೇ ಗೋಡೆಗೆ ಒರಗಿ ಕೂತೆ. ಮೂವತ್ತನಾಲ್ಕು ವರ್ಷ ನಾನು ಮೇಲೆ ಗಂಟೆ ಬಾರಿಸುತ್ತಿದ್ದ ಹೊತ್ತಿಗೆ ಅವಳು ಕೆಳಗೆ ತನ್ನ ಗಂಟೆ ಬಾರಿಸುತ್ತಿದ್ದಳು. ಚೆನ್ನಾಗಿದೆ ಎಂದಲ್ಲ ಅವಳ ಅರ್ಥ. ನೀನು ಹೇಳಿದ್ದು ನನಗೆ ಕೇಳಿಸುತ್ತಿದೆ ಎಂದು. ಆಸ್ಪತ್ರೆಯಲ್ಲಿ ನನಗೆ ಹೇಳಿದ್ದೂ ಅದನ್ನೇ.

ಜವರಯ್ಯನನ್ನು ಕರೆದುಕೊಂಡು ಹೋಗಿ ಹಿರಿಯರ ಮುಂದೆ ಎಲ್ಲವನ್ನೂ ಹೇಳಿಸಿದೆ. ತಿರುಮಲಮ್ಮನವರು ಪೂರ್ತಿ ಕೇಳಿದರು. ಆಮೇಲೆ, ಇದು ಅಂಬುಜೆಗೆ ಮಾತು ಬಂದ ದಾರಿಯಾಯಿತು, ಊರಿಗೆ ಬಂದ ದಾರಿಯಲ್ಲ ಎಂದರು. ಊರು ಆಡದ ಮಾತನ್ನು ಊರು ಬಿಡುವುದು ಹೇಗೆ? ಅದಕ್ಕೊಂದು ಹಳೆಯ ಪರೀಕ್ಷೆಯಿದೆ. ಸಾವಾದ ಮೇಲೆ ಬರುವ ಮೂರನೆಯ ಹುಣ್ಣಿಮೆಯ ಬೆಳಿಗ್ಗೆ ಹಿರಿಯರೊಬ್ಬರು ಕೆರೆಯ ಮೆಟ್ಟಿಲ ಮೇಲೆ ಮಧ್ಯಾಹ್ನದವರೆಗೆ ಕೂರುತ್ತಾರೆ. ಯಾರೂ ಹೇಳಿಕೊಡದೆ ಏಳು ಬೇರೆ ಬೇರೆ ಬಾಯಿಂದ ಆ ಮಾತು ಬಂದರೆ ಅದು ಊರಿನದು. ಬಾರದಿದ್ದರೆ ಟ್ರಂಕ್ ಕಾಲ್.

ನನಗೆ ಎರಡು ತಿಂಗಳ ಮೇಲೆ ಕೆಲವು ದಿನ ಉಳಿದಿದ್ದವು. ಮಾರನೆಯ ಬೆಳಿಗ್ಗೆಯೇ ಶುರುಮಾಡಿದೆ. ಹೋಟೆಲಿನವನು ಕಾಫಿ ಹೇಗಿದೆ ರಾಯರೇ ಎಂದ. ನಾನು ಲೋಟವನ್ನು ಮೇಜಿನ ಮೇಲೆ ಕುಕ್ಕಿ, ಹಂಕಿಡೋರಿ ಎಂದೆ. ನನ್ನ ಸಿಟ್ಟಿನ ದನಿಗೆ ಅವನು ಕಾಫಿ ಕೆಟ್ಟಿದೆಯೆಂದು ತಿಳಿದು ಬೇರೆ ತಂದುಕೊಟ್ಟ. ಸೊಪ್ಪು ಮಾರುವ ಹನುಮಕ್ಕ ದಂಟು ಎಳೆಯದಾ ನೋಡಿ ಎಂದಳು, ಹಂಕಿಡೋರಿ ಎಂದೆ. ಭಜನೆಯ ಕೊನೆಯಲ್ಲಿ ಹಾರ್ಮೋನಿಯಂನವನು ಇವತ್ತು ಹೇಗೆ ಬಂತು ಎಂದು ಕೇಳಿದ, ಹಂಕಿಡೋರಿ ಎಂದೆ. ಜನ್ಮದಲ್ಲಿ ಆಡದ ಮಾತು. ಪ್ರತಿ ಸಲ ನಾಲಿಗೆಯಲ್ಲಿ ಮುಳ್ಳು ಮುರಿದ ಹಾಗಾಗುತ್ತಿತ್ತು. ಈ ಜನಕ್ಕೆ ನನ್ನ ತಂಗಿಯ ಮಾತನ್ನು ನಾನೇ ಭಿಕ್ಷೆಯ ಹಾಗೆ ಹಂಚುತ್ತ ತಿರುಗಬೇಕಾಯಿತಲ್ಲ ಎಂಬ ಕೋಪ ಎದೆಯಲ್ಲಿ ಕುದಿಯುತ್ತಿತ್ತು. ಆ ಕೋಪವೆಲ್ಲ ಮಾತಿನಲ್ಲಿ ಬಂತು. ಅವಳು ಮೇಲಕ್ಕೆತ್ತುತ್ತಿದ್ದ ಕೊನೆಯ ಅಕ್ಷರವನ್ನು ನಾನು ನೆಲಕ್ಕೆ ಹಾಕಿ ತುಳಿಯುತ್ತಿದ್ದೆ.

ಅದೇ ಜನಕ್ಕೆ ಹಿಡಿಸಿಬಿಟ್ಟಿತು. ಹಣೆಗೆ ಗಂಟಿಕ್ಕಿ, ಹುಬ್ಬು ಇಳಿಸಿ, ಚೆನ್ನಾಗಿದೆ ಎಂಬ ಮಾತನ್ನು ಗುರುಗುಟ್ಟಿ ಹೇಳುವ ಮುದುಕನನ್ನು ಅವರು ಎಲ್ಲಿ ಕಂಡಿದ್ದರು? ಮೊದಲು ಹೋಟೆಲಿನಲ್ಲಿ ಶುರುವಾಯಿತು. ಆಮೇಲೆ ಬಸ್‌ಸ್ಟ್ಯಾಂಡಿಗೆ ಬಂತು. ಗಂಡಂದಿರು ಹೆಂಡತಿಯರ ಸಾರಿಗೆ ಅದನ್ನೇ ಹೇಳಿದರು. ಮದುವೆಯ ಹೆಣ್ಣು ನೋಡಲು ಹೋದವರು ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅದನ್ನೇ ಗುರುಗುಟ್ಟಿದರಂತೆ. ನಾನು ಬೀದಿಯಲ್ಲಿ ಬರುವಾಗ ಬೆನ್ನ ಹಿಂದೆ ಅದೇ. ನನ್ನನ್ನು ಆಡಿಕೊಳ್ಳುತ್ತಿದ್ದಾರೆಂದು ಗೊತ್ತಿತ್ತು. ಆಡಿಕೊಳ್ಳಲಿ, ಆಡಿದರೆ ಸಾಕು ಎಂದುಕೊಂಡೆ. ನನ್ನ ಮಾನ ಹೋದರೂ ಅವಳ ಹೊಸ್ತಿಲಿಗೆ ಜನ ಬರಲಿ.

ಮೂರನೆಯ ಹುಣ್ಣಿಮೆ ಬಂತು. ತಿರುಮಲಮ್ಮನವರು ಕೆರೆಯ ಮೆಟ್ಟಿಲ ಮೇಲೆ ಸ್ಲೇಟು ಹಿಡಿದು ಕೂತರು. ನಾನು ಹತ್ತಿರವಿರುವಂತಿಲ್ಲ, ಗುಡಿಯ ಕಂಬದ ಹಿಂದೆ ನಿಂತೆ. ಮಧ್ಯಾಹ್ನದ ಗಂಟೆ ಬಾರಿಸಿದಾಗ ಹೋಗಿ ನೋಡಿದರೆ ಸ್ಲೇಟಿನ ತುಂಬ ಗೆರೆ. ಏಳಲ್ಲ, ನಲವತ್ತಮೂರು. ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು, ಸಂಧ್ಯಾವಂದನೆಗೆ ಬಂದವರು, ಎಲ್ಲರೂ ಹೇಳಿದ್ದರು. ನನಗೆ ಕಣ್ಣು ತುಂಬಿತು. ಸುಣ್ಣದ ಬಟ್ಟಲು, ಕುಂಚ ತರಲೇ ಎಂದು ಕೇಳಿದೆ.

"ಬೇಡಿ," ಎಂದರು ತಿರುಮಲಮ್ಮನವರು. "ಇದು ಊರಿನ ಮಾತು, ಸರಿ. ಆದರೆ ಅಂಬುಜೆಯದಲ್ಲ. ನಲವತ್ತಮೂರು ಜನಾನೂ ನಿಮ್ಮ ಹಾಗೆ ಹೇಳಿದರು. ಊರು ಯಾರ ಬಾಯಿಂದ ಕಲೀತೋ ಅವರದು ಮಾತು. ಇದು ನಿಮ್ಮದು. ನೀವು ಹೋದಾಗ ಏರಿಸೋಣ."

ಸುತ್ತ ಜನ ಸೇರಿದ್ದರು. ಯಾರೋ ಕಿಸಕ್ಕೆಂದರು. ನಾನು ಹಲಗೆ ಬರೆಯುವವನು. ಆ ನಿಯಮವನ್ನು ನಾನೂ ಬಲ್ಲೆ. ಬಲ್ಲವನು ಅದನ್ನು ಮರೆತು ಎರಡು ತಿಂಗಳು ನನ್ನ ತಂಗಿಯ ಮಾತನ್ನು ಮನೆಮನೆಗೆ ಹೋಗಿ ಕದ್ದಿದ್ದೆ. ಬದುಕಿರುವಾಗ ಅವಳಿಂದ ಅದನ್ನು ಬಿಡಿಸಲು ನೋಡಿದೆ. ಸತ್ತ ಮೇಲೆ ಕಿತ್ತುಕೊಂಡೆ. ಆದರೂ ಬಿಡಲಿಲ್ಲ. ನಲವತ್ತೊಂದು ವರ್ಷದಲ್ಲಿ ನಾನು ಹಿರಿಯರ ಮುಂದೆ ದನಿ ಎತ್ತಿದ್ದು ಅದೊಂದೇ ಸಲ.

"ನಿಮ್ಮ ನಿಯಮ ನಾಲಿಗೆ ಎಣಿಸತ್ತೆ," ಎಂದೆ. "ಕಿವಿ ಎಣಿಸಲ್ವಾ? ಮೂವತ್ತನಾಲ್ಕು ವರ್ಷ ಅವಳು ಯಾರ ಬಾಯಲ್ಲೂ ಇರಲಿಲ್ಲ ತಾಯಿ, ಕಿವೀಲಿ ಇದ್ದಳು. ಈ ಊರಲ್ಲಿ ಹೊರಗಿನಿಂದ ಒಂದು ಫೋನು ಬಂದವರು ಯಾರಿದ್ದೀರಿ? ನಿಮ್ಮ ಮಗನ ದನಿ, ಗಂಡನ ದನಿ ಬರೋಕೆ ಮುಂಚೆ ಯಾರ ದನಿ ಬರ್ತಿತ್ತು? ಏನು ಹೇಳ್ತಿತ್ತು? ಅದನ್ನ ನೀವ್ಯಾರೂ ವಾಪಸ್ಸು ಆಡಲಿಲ್ಲ, ಯಾಕಂದ್ರೆ ಅದು ಅವಳದು ಅಂತ ನಿಮಗೆ ಗೊತ್ತಿತ್ತು. ಅಷ್ಟು ಮರ್ಯಾದೆಯಿಂದ ಕೇಳಿಸಿಕೊಂಡಿದ್ದಕ್ಕೆ ಈಗ ಅವಳಿಗೆ ಶಿಕ್ಷೆಯೇ?"

ಎಮ್ಮೆಯೊಂದು ನೀರಿನಿಂದೆದ್ದು ಮೈ ಕೊಡವಿತು. ಆಗ ಹನುಮಕ್ಕ ಸೊಪ್ಪಿನ ಕುಕ್ಕೆಯನ್ನು ಮೆಟ್ಟಿಲ ಮೇಲಿಟ್ಟು ಮುಂದೆ ಬಂದಳು. ಅವಳ ಮಗ ಗಡಿಯಲ್ಲಿ ಸಿಪಾಯಿಯಾಗಿದ್ದ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ ಫೋನು ಬರುತ್ತಿತ್ತು. ಅವಳು ಎಕ್ಸ್‌ಚೇಂಜಿನ ಮೆಟ್ಟಿಲ ಮೇಲೆ ದಿನವೆಲ್ಲ ಕಾಯುತ್ತಿದ್ದಳು.

"ಫೋನಿನ ಆ ಕೊಳವೆ ಹಿಡ್ಕಳ್ಳಾಕೆ ಹೆದರ್ಕತಿದ್ದೆ ನಾನು. ಅಂಬುಜಕ್ಕ ಮೊದಲು ತಾನು ಕೇಳಿ ನೋಡೋರು. ಆಮ್ಯಾಕೆ ನನ್ ಕಡೆ ತಿರುಗಿ ಅಂಗನ್ನೋರು. ಅಂಗಂದ್ರು ಅಂದ್ರೆ ನನ್ ಮಗ ಬದುಕವ್ನೆ ಅಂತ. ಅದನ್ನ ನಾನ್ಯಾಕೆ ಸೊಪ್ಪು ಮಾರಾಕೆ ಆಡ್ಲಿ ಸ್ವಾಮಿ?"

ಅವಳ ಹಿಂದೆ ಇನ್ನಿಬ್ಬರು ಬಂದರು. ಆಮೇಲೆ ಹೋಟೆಲಿನವನು ಬಂದ. ಅವನ ತಂದೆ ಸತ್ತ ಸುದ್ದಿ ಬಂದ ದಿನ ಅಂಬುಜೆ ಆ ಮಾತನ್ನು ಹೇಳದೆ ಸುಮ್ಮನೆ ಫೋನನ್ನು ಅವನ ಕೈಗಿಟ್ಟಳಂತೆ, ಅಷ್ಟರಿಂದಲೇ ಅವನಿಗೆ ತಿಳಿಯಿತಂತೆ. ತಿರುಮಲಮ್ಮನವರು ಯಾರ ಮುಖವನ್ನೂ ನೋಡದೆ ಸ್ಲೇಟಿನ ಗೆರೆಗಳನ್ನೇ ನೋಡುತ್ತಿದ್ದರು. ಆಮೇಲೆ ಸೆರಗಿನ ತುದಿಯನ್ನು ಒದ್ದೆಮಾಡಿ ನಲವತ್ತಮೂರು ಗೆರೆಯನ್ನೂ ಒರೆಸಿದರು.

"ನನಗೂ ಒಂದು ಸಲ ಹೇಳಿದ್ದಳು," ಎಂದರು. "ಆಮೇಲೆ ನಮ್ಮ ಮನೆಯವರ ದನಿ ಕೇಳಿಸಿತು. ಅದೇ ಕೊನೆ." ಮತ್ತೆ ಎದ್ದು ನಿಂತು, "ಬರೀರಿ" ಎಂದರು.

ಬರೆದೆ. ಸುಣ್ಣ ಗಟ್ಟಿಯಾಗಿ ಕಲಸಿ, ಹಲಗೆಯ ನಡುವೆ, ಉಳಿದ ಮಾತುಗಳಿಗಿಂತ ಒಂದಿಷ್ಟು ದಪ್ಪವಾಗಿ ಬರೆದೆ. ಹಾಗೆ ಬರೆಯುವ ಪದ್ಧತಿಯಿಲ್ಲ. ಯಾರೂ ಆಕ್ಷೇಪಿಸಲಿಲ್ಲ.

ಮನೆಗೆ ಬಂದು ಎರಡು ಅಚ್ಚು ಬೆಲ್ಲ ಒಡೆದು ತಟ್ಟೆಯಲ್ಲಿಟ್ಟೆ, ತಂಬಿಗೆಯಲ್ಲಿ ನೀರಿಟ್ಟೆ, ಬಾಗಿಲು ತೆರೆದಿಟ್ಟು ಕೂತೆ. ಆ ದಿನ ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ವಾರ ಕಳೆಯಿತು. ಬೀದಿಯಲ್ಲಿ ಗುರುಗುಟ್ಟುವುದು ನಿಂತುಹೋಗಿತ್ತು. ಹೋಟೆಲಿನಲ್ಲಿ ಯಾರಾದರೂ ಮರೆತು ಬಾಯಿ ತೆರೆದರೆ ಪಕ್ಕದವರು ಮೊಣಕೈಯಿಂದ ತಿವಿಯುತ್ತಿದ್ದರು. ಕೆರೆಯ ಮೆಟ್ಟಿಲ ಮೇಲೆ ಕೇಳಿದ್ದನ್ನು ಊರು ಮನಸ್ಸಿಗೆ ಹಚ್ಚಿಕೊಂಡಿತ್ತು. ಅಂಬುಜೆಯ ಮಾತನ್ನು ತಪ್ಪಿಯೂ ಆಡಬಾರದೆಂದು ಜನ ಅಷ್ಟು ಎಚ್ಚರದಿಂದಿದ್ದರು. 'ಉಪ್ಪು' ಎಂಬುದಕ್ಕೆ ತೋರದ ಎಚ್ಚರವನ್ನು ಇದಕ್ಕೆ ತೋರಿದರು. ನನಗೆ ಆ ಗೌರವವೂ ಬೆಂಕಿಯ ಹಾಗೆ ಸುಟ್ಟಿತು. ಗೌರವವನ್ನು ಕಟ್ಟಿಕೊಂಡು ಏನು ಮಾಡಲಿ? ಬೆಲ್ಲ ಕರಗಿ ತಟ್ಟೆಗೆ ಅಂಟಿತು. ಇರುವೆಗಳು ಬಂದವು.

ಹನ್ನೊಂದನೆಯ ದಿನ ಗುಡಿಯಲ್ಲಿ ಮಂಗಳಾರತಿ ಮುಗಿಯಿತು. ತೀರ್ಥ ತೆಗೆದುಕೊಂಡು ಹೊರಗೆ ಬಂದೆ. ಮೆಟ್ಟಿಲ ಬಳಿ ಹನುಮಕ್ಕ ಕೂತಿದ್ದಳು, ತಿರುಮಲಮ್ಮನವರು ಚಪ್ಪಲಿ ಹುಡುಕುತ್ತಿದ್ದರು, ಇನ್ನೂ ಹತ್ತು ಜನ ಇದ್ದರು. ಹಿಂದಿನ ರಾತ್ರಿ ನಾನು ನಿದ್ದೆ ಮಾಡಿರಲಿಲ್ಲ. ಆರು ಗಂಟೆಗೆ ಪೂಜೆಗೆ ಕೂತಾಗ ಗಂಟೆಯನ್ನು ಎತ್ತಿ, ಬಾರಿಸದೆ, ಕೆಳಗಿನಿಂದ ಏನೋ ಕೇಳಿಸುತ್ತದೆಂದು ಕಾದು, ಹಾಗೆಯೇ ಕೆಳಗಿಟ್ಟಿದ್ದೆ. ಅದೇ ಮನಸ್ಸಿನಲ್ಲಿತ್ತು. ಹನುಮಕ್ಕ ಏನೋ ಕೇಳಿದಳು. ನನಗೆ ಸರಿಯಾಗಿ ಕಿವಿಗೆ ಬೀಳಲಿಲ್ಲವೆಂದು ಅವಳು ದನಿ ಎತ್ತಿ, "ಕೇಳಿಸ್ತಾ ಅದಾ ರಾಯ್ರೇ?" ಎಂದಳು.

"ಹಂಕಿಡೋರಿ," ಎಂದೆ.

ಗುಡಿಯ ಮುಂದೆ ಎಲ್ಲರೂ ಹಾಗೆಯೇ ನಿಂತುಬಿಟ್ಟರು. ಹನುಮಕ್ಕ ಬಾಯಿಗೆ ಸೆರಗು ಮುಚ್ಚಿಕೊಂಡಳು. ಹಲಗೆ ಬರೆದವನೇ, ಹಲಗೆಯ ಕೆಳಗೆ ನಿಂತು, ತಪ್ಪಿದ್ದ. ನಿಯಮ ನನಗೂ ಒಂದೇ. ಬೇರೆ ಮಾತಾಡದೆ ತಲೆ ತಗ್ಗಿಸಿ ನಡೆದೆ. ಎಕ್ಸ್‌ಚೇಂಜಿನ ಹೊರಗಿನ ಮೆಟ್ಟಿಲು ಹತ್ತಿ ನಮ್ಮ ಬಾಗಿಲಿಗೆ ಬಂದು, ಹೊಸ್ತಿಲ ಈಚೆ ನಿಂತೆ. ಒಳಗೆ ಅವಳ ಹಾಸಿಗೆ ಸುತ್ತಿಟ್ಟದ್ದು ಕಾಣುತ್ತಿತ್ತು, ಗೂಟಕ್ಕೆ ಅವಳ ಕೊಡೆ ತೂಗುತ್ತಿತ್ತು. "ತಪ್ಪಿದೆ," ಎಂದೆ.

ಒಳಗೆ ಯಾರೂ ಇರಲಿಲ್ಲ. ಬೆಲ್ಲ ಕೊಡಬೇಕಾದವನು ನಾನು. ಬೆಲ್ಲ ಬೇಡಬೇಕಾದವನೂ ನಾನು. ದಾಟುವಂತಿರಲಿಲ್ಲ. ಬಿಸಿಲು ಏರಿತು. ನಾನು ಹಾಗೆಯೇ ನಿಂತಿದ್ದೆ. ಇಂಥ ಸಂದರ್ಭಕ್ಕೆ ನಿಯಮ ಏನು ಹೇಳುತ್ತದೆಂದು ನಲವತ್ತೊಂದು ವರ್ಷದ ಹಲಗೆಯಲ್ಲಿ ಹುಡುಕಿದೆ. ಏನೂ ಹೇಳುವುದಿಲ್ಲ. ಒಬ್ಬರೇ ಉಳಿದ ಮನೆಯನ್ನು ನಿಯಮ ಮಾಡಿದವರು ನೆನೆದೇ ಇಲ್ಲ. ಇನ್ನೊಂದು ಸಲ, ಗಟ್ಟಿಯಾಗಿ, ಸಿಟ್ಟಿನಿಂದಲೇ, ತಪ್ಪಿದೆ ಎಂದೆ.

ಅಡುಗೆಮನೆಯಲ್ಲಿ ಪಾತ್ರೆ ಸರಿದ ಸದ್ದಾಯಿತು. ಹಿತ್ತಲ ಕಡೆಯ ಕಬ್ಬಿಣದ ಏಣಿಯಿಂದ ಯಾರೋ ಹತ್ತಿ ಬಂದಿದ್ದರು. ಎಪ್ಪತ್ತು ದಾಟಿದ ತಿರುಮಲಮ್ಮನವರು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮೇಲುಸಿರು ಬಿಡುತ್ತ, ಒಂದು ಕೈಯಲ್ಲಿ ತಟ್ಟೆ, ಒಂದು ಕೈಯಲ್ಲಿ ಲೋಟ ಹಿಡಿದು ಈಚೆ ಬಂದರು. ತಟ್ಟೆಯ ಇರುವೆಗಳನ್ನು ಊದಿದರು. ಅಂಟಿದ್ದ ಬೆಲ್ಲವನ್ನು ಉಗುರಿನಿಂದ ಕೆರೆದು ತೆಗೆದು ನನ್ನ ಅಂಗೈಗೆ ಹಾಕಿದರು.

"ಬಂದದ್ದು ಒಳ್ಳೇದಾಯ್ತು, ಕೇಶವಯ್ಯನವರೇ. ಒಳಗೆ ಬನ್ನಿ."

ನನ್ನ ಮನೆಯೊಳಕ್ಕೆ ನಾನು ಬಂದವನಾಗಿ ಹೋಗಿ ಚಾಪೆಯ ಮೇಲೆ ಕೂತೆ. ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಅವರೂ ಕೂತರು. ನಾಲ್ಕು ಮಾತಾಡದೆ ಹೊರಡುವಂತಿಲ್ಲವಲ್ಲ. ಕೆಳಗೆ ಮೆಟ್ಟಿಲಲ್ಲಿ ಹನುಮಕ್ಕನೂ ಇನ್ನೂ ಕೆಲವರೂ ಹತ್ತಿ ಬರುತ್ತಿರುವ ಸದ್ದು ಕೇಳಿಸಿತು. ತಪ್ಪದವರು ಸಾವಾದ ಮನೆಗೆ ಹೀಗೆ ಗುಂಪಾಗಿ ಬರುವ ಪದ್ಧತಿಯಿಲ್ಲ. ಅದನ್ನು ಹೇಳೋಣವೆಂದು ತಿರುಮಲಮ್ಮನವರ ಮುಖ ನೋಡಿದೆ. ಅವರು ಬೇರೇನನ್ನೋ ಯೋಚಿಸುತ್ತಿದ್ದರು.

"ಈಗ ಗುಡಿ ಮುಂದೆ ಹೇಳಿದಿರಲ್ಲ," ಎಂದರು, "ಅದು ನಿಮ್ಮ ಹಾಗೆ ಇರಲಿಲ್ಲ. ಕೊನೇಲಿ ಮೇಲಕ್ಕೆ ಹೋಯ್ತು. ಅವಳೇ ಹೇಳಿದ ಹಾಗಿತ್ತು."